ಕಸ್ತೂರಿರಂಗ ಮೇಷ್ಟ್ರ ನಾಲ್ಕು ಸೆಲ್ಲುಗಳು

ಮಳವಳ್ಳಿ ಹೈಸ್ಕೂಲಿನ ಕ್ರಾಫ್ಟ್ ಮೇಷ್ಟ್ರು ಕಸ್ತೂರಿರಂಗ ಅವರಿಗೆ ಎಪ್ಪತ್ತೇಳನೇ ಇಸವಿಯ ಮಳೆಗಾಲದಲ್ಲಿ ಎರಡು ವಸ್ತುಗಳ ಚಿಂತೆ ಹತ್ತಿತ್ತು. ಒಂದು ಅವರ ಎಡಗಣ್ಣು. ಇನ್ನೊಂದು, ಬೆರಳು ಗಾತ್ರದ ನಾಲ್ಕು ಸೆಲ್ಲುಗಳ ಒಂದು ಕಟ್ಟು. ಎರಡೂ ಖಾಲಿಯಾಗುತ್ತಿದ್ದವು, ಎರಡಕ್ಕೂ ಅಂಗಡಿಯಲ್ಲಿ ಬದಲಿ ಸಿಗುತ್ತಿರಲಿಲ್ಲ. ವ್ಯತ್ಯಾಸವೆಂದರೆ ಸೆಲ್ಲುಗಳನ್ನು ಮತ್ತೆ ಚಾರ್ಜ್ ಮಾಡಬಹುದಿತ್ತು.

ಬಲಗಣ್ಣು ಎರಡು ವರ್ಷದ ಹಿಂದೆಯೇ ಅವಧಿಗೆ ಮುಂಚೆ ರಿಟೈರಾಗಿತ್ತು. ಎಡಗಣ್ಣು ಇನ್ನೂ ಸರ್ವೀಸಿನಲ್ಲಿತ್ತಾದರೂ ಅದರ ನೋಟ ಅಂಚಿನಿಂದ ಒಳಕ್ಕೆ ಮುದುಡುತ್ತ ಬಂದು, ಈಗ ಜಗತ್ತನ್ನು ಅವರು ಒಲೆಯ ಊದುಕೊಳವೆಯೊಳಗಿಂದ ನೋಡಿದ ಹಾಗೆ ನೋಡುತ್ತಿದ್ದರು. ಎದುರಿಗೆ ನಿಂತವರ ಮೂಗು ಕಂಡರೆ ಕಿವಿ ಕಾಣುತ್ತಿರಲಿಲ್ಲ. ಮೈಸೂರಿನ ಡಾಕ್ಟರು ಜೂನ್ ತಿಂಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಕಣ್ಣೊಳಗಿನ ಒತ್ತಡಕ್ಕೆ ಹಿಂದಿನ ನರ ಒಣಗ್ತಾ ಇದೆ. ಹನಿ ಹಾಕ್ತಾ ಇರಿ. ದೀಪಾವಳಿ ತನಕ ಕಾಣಬಹುದು. ಅದರಾಚೆಗೆ ನಾನು ಮಾತು ಕೊಡಲ್ಲ."

"ಕನ್ನಡಕದ ಪವರ್ ಜಾಸ್ತಿ ಮಾಡಿದ್ರೆ, ಡಾಕ್ಟರೇ?"

"ಪವರ್ ಇಲ್ಲದೆ ಇರೋದು ಕನ್ನಡಕದಲ್ಲಲ್ಲ ಮೇಷ್ಟ್ರೇ."

ಮಳವಳ್ಳಿಯಲ್ಲಿ ಹನ್ನೊಂದು ವರ್ಷ ಕಳೆದವರಿಗೆ ಪವರ್ ಇಲ್ಲ ಎನ್ನುವುದು ಹೊಸ ಸುದ್ದಿಯಾಗಿರಲಿಲ್ಲ. ಆದರೂ ವಾಪಸ್ಸು ಬರುವ ಬಸ್ಸಿನಲ್ಲಿ ಅವರು ಹೆಂಡತಿ ಪಂಕಜಮ್ಮನ ಹತ್ತಿರ ಒಂದೇ ಮಾತಾಡಿದರು. "ವಿಮಾನ ಹಾರಿಸಿಬಿಡಬೇಕು ಪಂಕಜಾ. ನೋಡೋಕ್ಕೆ ಕಣ್ಣಿರುವಾಗಲೇ."

ವಿಮಾನ ಎಂದರೆ ಅವರ ಮನೆಯ ನಡುಕೋಣೆಯಲ್ಲಿ ಸೂರಿನಿಂದ ತೂಗುಬಿಟ್ಟಿದ್ದ, ಐದಡಿ ರೆಕ್ಕೆಯ ಒಂದು ಮಾದರಿ. ಯುದ್ಧದ ಕಾಲದಲ್ಲಿ, ಹನ್ನೆರಡು ವರ್ಷದ ಹುಡುಗನಾಗಿ ಹೊಳಲಿನ ಅಜ್ಜನ ಮನೆಗೆ ಹೋಗಿದ್ದಾಗ, ಗದ್ದೆಯ ಮೇಲೆ ತೆಂಗಿನಮರ ತಾಕುವಷ್ಟು ತಗ್ಗಿನಲ್ಲಿ ಹಾದುಹೋದ ಒಂದು ವಿಮಾನವನ್ನು ಅವರು ನೋಡಿದ್ದರು. ಅದು ಅರ್ಧ ನಿಮಿಷದಲ್ಲಿ ಕಣ್ಮರೆಯಾಯಿತು. ಮೇಷ್ಟ್ರು ಅದನ್ನು ಮೂವತ್ತನಾಲ್ಕು ವರ್ಷ ಬಿಡಲಿಲ್ಲ. ಬಾಸಿಂಗ ಮಾಡುವ ಬೆಂಡು, ಬಿದಿರಿನ ಸೀಳು, ಪಂಕಜಮ್ಮನ ಹಳೆಯ ಗಿಳಿಹಸಿರು ರೇಷ್ಮೆ ಸೀರೆ, ಇಷ್ಟನ್ನು ಕೂಡಿಸಿ ಆರು ವರ್ಷ ಕೂತು ಕಟ್ಟಿದ್ದರು. "ಮದುವೆ ಸೀರೆ ಉಟ್ಟುಕೊಂಡು ಅದು ಹಾರಾಡುತ್ತೆ, ನಾನು ನೂಲಿನ ಸೀರೇಲಿ ಪಾತ್ರೆ ತೊಳೀತೀನಿ" ಎಂದು ಪಂಕಜಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. ಮೂಗಿನ ತುದಿಯ ಪುಟ್ಟ ಇಂಜಿನ್ನು ಹರಳೆಣ್ಣೆ ಬೆರೆಸಿದ ಸ್ಪಿರಿಟ್ಟು ಕುಡಿಯುತ್ತಿತ್ತು. ಅದು ಸ್ಟಾರ್ಟಾದರೆ ಇಡೀ ಬೀದಿಗೆ ಬಾಣಂತಿ ಮನೆಯ ವಾಸನೆ.

ನೆಲದ ಮೇಲೆ ನಿಂತು ಈ ವಿಮಾನದ ಕಿವಿ ಹಿಂಡಲು ಒಂದು ರೇಡಿಯೋ ಪೆಟ್ಟಿಗೆ ಇತ್ತು. ಬೆಂಗಳೂರಿಗೆ ಕೆಲಸಕ್ಕೆ ಬಂದಿದ್ದ ಜಪಾನೀ ಇಂಜಿನಿಯರೊಬ್ಬ ಊರಿಗೆ ಹೊರಡುವಾಗ ಮಾರಿದ್ದು. ಕೈಯಲ್ಲಿ ಹಿಡಿಯುವ ಪೆಟ್ಟಿಗೆಯೊಳಗೆ ಎಂಟು ಸೆಲ್ಲು, ವಿಮಾನದ ಹೊಟ್ಟೆಯೊಳಗೆ ನಾಲ್ಕು. ಟಾರ್ಚಿನ ಸೆಲ್ಲಿನಂತೆ ಮುಗಿದ ಮೇಲೆ ಬಿಸಾಡುವಂಥವಲ್ಲ, ಕರೆಂಟು ತುಂಬಿಸಿದರೆ ಮತ್ತೆ ಜೀವ ಬರುವಂಥವು. ಜೊತೆಗೆ ಬಂದಿದ್ದ ಚಾರ್ಜರು ಜಪಾನಿನ ನೂರು ವೋಲ್ಟಿನದು. ಮೇಷ್ಟ್ರು ಅದನ್ನು ಮಂಡ್ಯದ ಷಡ್ಡಕನ ಮನೆಯ ಇನ್ನೂರ ಮೂವತ್ತಕ್ಕೆ ಸಿಕ್ಕಿಸಿದ್ದರು. ಹತ್ತು ಎಣಿಸುವುದರೊಳಗೆ ಹೊಗೆ. ಸೆಲ್ಲುಗಳನ್ನು ಇನ್ನೂ ಜೋಡಿಸಿರಲಿಲ್ಲವಾದ್ದರಿಂದ ಅವು ಬದುಕಿಕೊಂಡವು.

ಪೆಟ್ಟಿಗೆಯ ಜೊತೆಗಿದ್ದ ಕಾಗದದಲ್ಲಿ ಒಂದೇ ಸಾಲು ಮುಖ್ಯವಾದದ್ದು: ಐವತ್ತು ಮಿಲಿ ಆಂಪ್ಸು, ಹದಿನಾಲ್ಕು ಗಂಟೆ. ಕಡಿಮೆಯಾದರೆ ವಿಮಾನ ನಡು ಆಕಾಶದಲ್ಲಿ ಕಿವುಡಾಗಿ ಬಿದ್ದುಹೋಗುತ್ತದೆ. ಹೆಚ್ಚಾದರೆ ಸೆಲ್ಲು ಕಾದು ಒಡೆಯುತ್ತದೆ. ಒಡೆದರೆ ಇನ್ನೊಂದನ್ನು ತರಿಸಲು ಲೈಸೆನ್ಸು, ಅರ್ಜಿ, ಡೆಲ್ಲಿ. ದೀಪಾವಳಿಯಲ್ಲ, ಮೂರು ದೀಪಾವಳಿ ಕಳೆದರೂ ಬರುವುದಿಲ್ಲ. ಹಾಗಾಗಿ ಆ ಜುಲೈ ತಿಂಗಳಿಂದ ಮೇಷ್ಟ್ರು ಕಂಡವರನ್ನೆಲ್ಲ ಕೇಳಿದ ಪ್ರಶ್ನೆ ಒಂದೇ: "ಇದಕ್ಕೆ ಯಾವ ಚಾರ್ಜರು ಸೇಫು?"

ಮೊದಲು ಕೇಳಿದ್ದು ಮದ್ದೂರಿನ ಮರಿಸಿದ್ದಯ್ಯನನ್ನು. ಬಸ್ ಸ್ಟ್ಯಾಂಡಿನ ಹಿಂದೆ ಅವನ ಬ್ಯಾಟರಿ ಅಂಗಡಿ. ಲಾರಿಯವು, ಟ್ರ್ಯಾಕ್ಟರಿನವು ಹಲಗೆಯ ಮೇಲೆ ಸಾಲಾಗಿ ಮುಚ್ಚಳ ತೆಗೆಸಿಕೊಂಡು, ಬಸ್ಸು ತಪ್ಪಿದವರ ಹಾಗೆ ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದವು. ಆಸಿಡ್ಡಿಗೆ ತೂತು ಬಿದ್ದ ಬನಿಯನ್ನಿನಲ್ಲಿ ಮರಿಸಿದ್ದಯ್ಯ ಒಂದೊಂದರ ಬಾಯಿಗೂ ಬಗ್ಗಿ ನೋಡಿ ನೀರು ಹುಯ್ಯುತ್ತಿದ್ದ. ಇಪ್ಪತ್ತು ವರ್ಷದ ಕಸುಬು. ಅವನ ಲೆಕ್ಕದಲ್ಲಿ ಗುಳ್ಳೆ ಬಂದರೆ ಚಾರ್ಜು ಆದಂತೆ, ಬರದಿದ್ದರೆ ಇನ್ನೂ ಆಗಬೇಕು.

"ಏನ್ ಮೇಸ್ಟ್ರೇ, ಟಾರ್ಚ್ ಬ್ಯಾಟ್ರೀನ ಬಟ್ಟೇಲಿ ಸುತ್ಕಂಡು ಬಂದಿದ್ದೀರಿ, ಅಸುಗೂಸು ತಂದಂಗೆ?"

"ಟಾರ್ಚಿಂದಲ್ಲ ಮರಿಸಿದ್ದಯ್ಯ. ಜಪಾನಿಂದು. ಚಾರ್ಜ್ ಆಗಬೇಕು. ಐವತ್ತು ಮಿಲಿ."

"ಮಿಲಿ ಅಂದ್ರೆ?"

"ಒಂದು ಆಂಪ್ಸನ್ನ ಸಾವಿರ ಪಾಲು ಮಾಡಿ, ಅದರಲ್ಲಿ ಐವತ್ತು ಪಾಲು."

ಮರಿಸಿದ್ದಯ್ಯ ಹಲಗೆ ಹಿಡಿದುಕೊಂಡು ನಕ್ಕ. "ಅಷ್ಟ್ ಸಣ್ಣದಾ ತೂಗಾಕೆ ಅಕ್ಕಸಾಲಿ ತಾವ್ಕೋಗಿ. ನಮ್ ಮಿಸನ್ನು ಸುರುವಾಗಾದೇ ಐದು ಆಂಪ್ಸಿಂದ. ಕೊಡಿ ಇಲ್ಲಿ, ಲಾರಿ ಬ್ಯಾಟ್ರಿ ಪಕ್ಕ ಕುಂಡ್ರುಸ್ತೀನಿ. ಹತ್ ನಿಮಿಸಕ್ಕೆ ಬೆಂದೋಯ್ತದೆ."

"ಬೇಯೋದೇ ನನ್ನ ಹೆದರಿಕೆ."

ಅವನು ಕಟ್ಟನ್ನು ತಿರುಗಿಸಿ, ಮಗುಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. "ನೀರ್ ಎಲ್ಲಿಂದ ಉಯ್ಯಾದು?"

"ನೀರು ಹುಯ್ಯೋ ಹಾಗಿಲ್ಲ. ಸೀಲ್ ಮಾಡಿರುತ್ತೆ."

"ನೀರ್ ಕುಡೀದ್ ಬ್ಯಾಟ್ರಿನಾ? ಯಾವನೋ ನಿಮ್ಗೆ ಟೋಪಿ ಹಾಕವ್ನೆ ಕನ ಮೇಸ್ಟ್ರೇ. ಅದ್ಕೇ ಸತ್ತದೆ ಇದು. ಒಳಗೆ ಒಣಗೋಗದೆ."

ಒಣಗುವುದು ಎಂಬ ಮಾತನ್ನು ಮೇಷ್ಟ್ರು ಇತ್ತೀಚೆಗೆ ಇನ್ನೊಬ್ಬರ ಬಾಯಲ್ಲಿ ಕೇಳಿದ್ದರು. ಅವರು ಒಂದು ಕ್ಷಣ ಸುಮ್ಮನಾದರು. ಆ ಒಂದು ಕ್ಷಣ ಮರಿಸಿದ್ದಯ್ಯನಿಗೆ ಸಾಕಾಯಿತು. ಮೇಷ್ಟ್ರ ಊದುಕೊಳವೆಯಲ್ಲಿ ನೀಲಿ ಪ್ಲಾಸ್ಟಿಕ್ಕಿನ ಕಟ್ಟು ಮಾತ್ರ ಕಾಣುತ್ತಿತ್ತು, ಅವನ ಬಲಗೈ ಕಾಣುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಆ ಕಿರಿದಾದ ನೋಟದೊಳಕ್ಕೆ ಪಕ್ಕದಿಂದ ಒಂದು ದಬ್ಬಳದ ಮೊನೆ ಬಂದು ಸೆಲ್ಲಿನ ನೆತ್ತಿಯ ಮೇಲೆ ನಿಂತಿತು.

"ಒಂದ್ ಸಣ್ ತೂತಾ ಮಾಡಿ ಎಲ್ಡ್ ತೊಟ್ಟು ಬುಟ್ರೆ..."

ಮೇಷ್ಟ್ರು ಕೂಗಿದ ಕೂಗಿಗೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬ ಸೀಟಿ ಊದಿದ. ಕಟ್ಟನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡು ಅವರು ಹೊರಬಿದ್ದರು, ಹೊಸಿಲು ಕಾಣದೆ ಮುಗ್ಗರಿಸಿದರು. ಹಿಂದಿನಿಂದ ಮರಿಸಿದ್ದಯ್ಯ, ನಿಜವಾಗಿಯೂ ನೊಂದುಕೊಂಡು, "ನಿಮ್ ಒಳ್ಳೇದುಕ್ ಯೋಳುದ್ರೆ..." ಎನ್ನುತ್ತಿದ್ದ.

ಮಂಡ್ಯದ ರಾಮಾನುಜನ ಹತ್ತಿರ ಹೋದಾಗ ಆಗಸ್ಟ್ ಕಳೆಯುತ್ತ ಬಂದಿತ್ತು. ಅವನು ಮೇಷ್ಟ್ರ ಹಳೆಯ ಶಿಷ್ಯ, ಈಗ ಪೇಟೆಬೀದಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಅಂಗಡಿ ತುಂಬ ಬಾಯಿ ಕಟ್ಟಿದ ರೇಡಿಯೋಗಳು, ಅವುಗಳ ನಡುವೆ ಯಾವಾಗಲೂ ಪಿಸುಮಾತಿನಲ್ಲಿ ಮಾತಾಡುವ ರಾಮಾನುಜ. ಅವನು ಕಟ್ಟನ್ನು ನೋಡಿ ಮೊದಲು ಕೈ ಒರೆಸಿಕೊಂಡ. ಮೇಷ್ಟ್ರಿಗೆ ಅಲ್ಲೇ ಅರ್ಧ ಸಮಾಧಾನವಾಯಿತು.

"ಸಾರ್, ಇದಕ್ಕೆ ದೊಡ್ಡದು ಬೇಡ. ಒಂದು ಸಣ್ಣ ಟ್ರಾನ್ಸ್‌ಫಾರ್ಮರು, ಒಂದು ಡಯೋಡು. ದಾರಿಗೆ ಅಡ್ಡಲಾಗಿ ಒಂದು ಪುಟ್ಟ ಬಲ್ಬು, ಒಂದು ರೆಸಿಸ್ಟರು. ಅವೆರಡೂ ಜಾಸ್ತಿ ಕರೆಂಟನ್ನ ತಡೆದು ನಿಲ್ಲಿಸ್ತವೆ. ಗೇಟಲ್ಲಿ ನಿಮ್ಮ ಸ್ಕೂಲಿನ ಪ್ಯೂನ್ ನಿಂತ ಹಾಗೆ."

"ನಮ್ಮ ಪ್ಯೂನು ಯಾರನ್ನೂ ತಡೆಯಲ್ಲ ಕಣೋ."

"ಇದು ತಡೆಯುತ್ತೆ ಸಾರ್."

ಬಿಸ್ಕತ್ತಿನ ಡಬ್ಬಿಯೊಳಗೆ ಒಂದು ವಾರದಲ್ಲಿ ಚಾರ್ಜರು ತಯಾರಾಯಿತು. ಅಂಗಡಿಯಲ್ಲಿ ಮೀಟರು ಹಚ್ಚಿ ತೋರಿಸಿದ: ಐವತ್ತೆರಡು ಮಿಲಿ. ಮೇಷ್ಟ್ರು ಮುಳ್ಳಿನ ಮೇಲೆ ಊದುಕೊಳವೆ ಇಟ್ಟು ನೋಡಿ ತೃಪ್ತಿಪಟ್ಟರು. ಆದರೆ ಮಳವಳ್ಳಿಗೆ ತಂದು ಮನೆಯಲ್ಲಿ ಸಿಕ್ಕಿಸಿದರೆ ಡಬ್ಬಿಯ ಬಲ್ಬು ಮಿಣುಕಲಿಲ್ಲ. ಸೆಲ್ಲುಗಳನ್ನು ಇಡೀ ದಿನ ಇಟ್ಟರೂ ವಿಮಾನದ ಬಾಲ ಒಂದು ಸಲ ಅಲುಗಿ ಸುಮ್ಮನಾಯಿತು.

ಮುಂದಿನ ಭಾನುವಾರ ರಾಮಾನುಜ ಮೀಟರು ಹಿಡಿದುಕೊಂಡು ಬಸ್ಸಿನಲ್ಲಿ ಬಂದ. ಮನೆಯ ಗೋಡೆಯಲ್ಲಿ ಅಳೆದರೆ ಇನ್ನೂರ ಮೂವತ್ತು ಇರಬೇಕಾದ ಕಡೆ ನೂರ ಐವತ್ತೈದು. ಊರಿನ ಸುತ್ತ ಬಾವಿಗೊಂದು ಪಂಪುಸೆಟ್ಟು, ಎಲ್ಲವೂ ಅದೇ ತಂತಿಯಿಂದ ಎಳೆಯುವಂಥವು. ಹಗಲೆಲ್ಲ ಅವು ಕುಡಿದು ಉಳಿದದ್ದು ಮನೆಗಳಿಗೆ. ಆ ಬೀದಿಯಲ್ಲಿ ನೂರು ಕ್ಯಾಂಡಲ್ಲಿನ ಬಲ್ಬು ಹಾಕಿಕೊಂಡವರಿಗೆ ನಲವತ್ತರ ಬೆಳಕು ಸಿಗುತ್ತಿತ್ತು, ಅದಕ್ಕೆ ಎಲ್ಲರೂ ನೂರೇ ಹಾಕಿಕೊಳ್ಳುತ್ತಿದ್ದರು. ಆದರೆ ಮಳೆ ಬಂದು ಪಂಪು ನಿಂತಾಗ? ಮಳೆ ಹನಿಕಿದ ಕೂಡಲೇ ಕರೆಂಟೇ ಹೋಗುತ್ತಿತ್ತು. ಹಾಗಾಗಿ ಪೂರ್ತಿ ಕರೆಂಟು ಎಂದರೆ ಹೇಗಿರುತ್ತದೆ ಎಂಬುದೇ ಆ ಬೀದಿಗೆ ತಿಳಿದಿರಲಿಲ್ಲ.

"ರೆಸಿಸ್ಟರು ತೆಗೆದುಬಿಟ್ರೆ ಇಲ್ಲಿನ ಕರೆಂಟಿಗೂ ಐವತ್ತು ಮಿಲಿ ಬರುತ್ತೆ ಸಾರ್. ಆದರೆ..." ರಾಮಾನುಜ ಇನ್ನೂ ತಗ್ಗಿದ ದನಿಯಲ್ಲಿ ಕೇಳಿದ, "ಇಲ್ಲಿ ಯಾವತ್ತಾದ್ರೂ ಕರೆಂಟು ಜಾಸ್ತಿ ಬರುತ್ತಾ?"

ಮೇಷ್ಟ್ರು ನಕ್ಕರು. ಅಡುಗೆಮನೆಯಿಂದ ಪಂಕಜಮ್ಮನೂ ನಕ್ಕರು. "ಜಾಸ್ತೀನಾ! ಬಂದ್ರೆ ಹಾರ ಹಾಕ್ತೀವಿ ಕಣಪ್ಪ."

ರಾಮಾನುಜ ರೆಸಿಸ್ಟರು ಕತ್ತರಿಸಿ ತೆಗೆದ. ಮುಳ್ಳು ಐವತ್ತಕ್ಕೆ ಬಂದು ನಿಂತಿತು.

ಸೆಪ್ಟೆಂಬರಿನ ಇನ್ನೊಂದು ಭಾನುವಾರ, ಬೆಳಗ್ಗೆ ಆರು ಗಂಟೆಗೆ ಮೇಷ್ಟ್ರು ಸೆಲ್ಲುಗಳನ್ನು ಚಾರ್ಜಿಗೆ ಹಾಕಿದರು. ಹದಿನಾಲ್ಕು ಗಂಟೆ ಎಂದರೆ ರಾತ್ರಿ ಎಂಟು. ಅಷ್ಟೂ ಹೊತ್ತು ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತರು. ಮಧ್ಯಾಹ್ನ ಕಳೆಯುತ್ತಲೇ ಮೋಡ ಕವಿದು ಕೋಣೆ ಮಬ್ಬಾಯಿತು. ಪಂಕಜಮ್ಮ ದೀಪ ಹಾಕಿದರು. ಎಂದಿನ ದೀಪ, ತಂತಿ ಮಾತ್ರ ಕೆಂಪಗೆ, ಸೊಡರಿನಂತೆ. ಮೇಷ್ಟ್ರಿಗೆ ಆ ಬೆಳಕಿನಲ್ಲಿ ಏನೂ ಕಾಣುತ್ತಿರಲಿಲ್ಲ. ಹದಿನೈದು ದಿನದಿಂದ ಕೊಳವೆ ಇನ್ನಷ್ಟು ಸಣ್ಣಗಾಗಿದ್ದು ಅವರಿಗೆ ಗೊತ್ತಿತ್ತು. ಹೆಂಡತಿಗೆ ಹೇಳಿರಲಿಲ್ಲ.

ನಾಲ್ಕು ಗಂಟೆಗೆ ಹೆಂಚಿನ ಮೇಲೆ ಹನಿ ಬಿತ್ತು, ಆಮೇಲೆ ಜೋರಾಯಿತು. ಕರೆಂಟು ಹೋಗುತ್ತದೆ ಎಂದು ಮೇಷ್ಟ್ರು ಗಡಿಯಾರದ ಲೆಕ್ಕ ಗುರುತು ಮಾಡಿಕೊಳ್ಳಲು ತಯಾರಾದರು. ಕರೆಂಟು ಹೋಗಲಿಲ್ಲ.

ಹೋಗುವ ಬದಲು ಕೋಣೆ ಬೆಳಗಿತು.

ಮೊದಲು ಎದುರು ಗೋಡೆಯ ಸುಣ್ಣ ಬೆಳ್ಳಗಾಯಿತು. ಅದರ ಮೇಲೆ ಕ್ಯಾಲೆಂಡರು ಮೂಡಿತು. ಕ್ಯಾಲೆಂಡರಿನಲ್ಲಿ ತಿಂಗಳ ಹೆಸರು, ಅದರ ಕೆಳಗೆ ತಾರೀಖಿನ ಮನೆಗಳು, ಕೊನೆಗೆ ಪಂಕಜಮ್ಮ ಹಾಲಿನವಳ ಲೆಕ್ಕಕ್ಕೆ ಪೆನ್ಸಿಲಿನಲ್ಲಿ ಬರೆದಿದ್ದ ಸಣ್ಣ ಗೀಟುಗಳು ಕೂಡ. ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು. ತಲೆಯೆತ್ತಿದರು. ಸೂರಿನಲ್ಲಿ ವಿಮಾನದ ಗಿಳಿಹಸಿರು ರೆಕ್ಕೆ, ರೇಷ್ಮೆಯೊಳಗಿನಿಂದ ಎದ್ದು ತೋರುವ ಒಂದೊಂದು ಬಿದಿರು ಪಟ್ಟಿ.

"ಪಂಕಜಾ! ಪಂಕಜಾ, ಬಾ ಇಲ್ಲಿ!"

ಪಂಕಜಮ್ಮ ಸೌಟು ಹಿಡಿದುಕೊಂಡೇ ಓಡಿಬಂದರು.

"ಕಾಣ್ತಾ ಇದೆ ಕಣೇ! ಹನಿ ಕೆಲಸ ಮಾಡ್ತಾ ಇದೆ! ನೋಡು, ಓದ್ತೀನಿ ನೋಡು. ಏಳು, ಎಂಟು, ಒಂಬತ್ತು... ಒಂಬತ್ತಕ್ಕೆ ಹಾಲು ಬಂದಿಲ್ಲ ಅಲ್ವಾ? ಅಡ್ಡ ಗೀಟು ಹಾಕಿದ್ದೀಯ. ಹನ್ನೆರಡಕ್ಕೆ ಅರ್ಧ ಸೇರು ಜಾಸ್ತಿ."

"ಹೌದು" ಎಂದರು ಪಂಕಜಮ್ಮ.

"ಆ ಡಾಕ್ಟರಿಗೆ ನಾಳೇನೇ ಕಾಗದ ಬರೀತೀನಿ. ನಾನೇ ಬರೀತೀನಿ, ನನ್ನ ಕೈಯಲ್ಲೇ."

"ಬರೀರಿ."

ಅವರು ಮಗುವಿನಂತೆ ತಾರೀಖುಗಳನ್ನು ಓದುತ್ತ ಹೋದರು. ಏಕಾದಶಿ ಓದಿದರು, ಅಮಾವಾಸ್ಯೆ ಓದಿದರು. ಪಂಕಜಮ್ಮ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುವುದನ್ನೂ ಗಮನಿಸದೆ ನಿಂತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಅದು ಸಂತೋಷದ್ದೆಂದು ಮೇಷ್ಟ್ರು ತಿಳಿದರು. ಹಾಗೆ ಹತ್ತು ನಿಮಿಷ ಹೋಯಿತು, ಇನ್ನೊಂದು ಹತ್ತು ನಿಮಿಷ ಹೋಯಿತು.

ಆಮೇಲೆ ಬಿಸ್ಕತ್ತಿನ ಡಬ್ಬಿಯ ಪಕ್ಕದಲ್ಲಿ ಹಾವು ಬುಸುಗುಟ್ಟಿದ ಹಾಗೆ ಸದ್ದಾಯಿತು. ಒಂದು ಟಪ್ಪೆಂಬ ಏಟು. ಘಾಟು ವಾಸನೆ. ಮೇಷ್ಟ್ರು ಬಗ್ಗಿದರು. ಡಬ್ಬಿಯ ಬಲ್ಬು, ಯಾವತ್ತೂ ಕೆಂಡದಷ್ಟೂ ಹೊಳೆಯದ ಬಲ್ಬು, ನೋಡಲಾಗದಷ್ಟು ಬೆಳ್ಳಗೆ ಉರಿಯುತ್ತಿತ್ತು. ಪಂಕಜಮ್ಮ ಸ್ವಿಚ್ಚಿಗೆ ಕೈ ಹಾಕಿ ಆರಿಸಿದರು. ನಾಲ್ಕು ಸೆಲ್ಲುಗಳಲ್ಲಿ ಒಂದರ ನೆತ್ತಿ ಸೀಳಿ ಬಿಳಿ ನೊರೆ ಉಕ್ಕಿತ್ತು.

ಹೊರಗೆ ಮಳೆ ಹದವಾಗಿ ಸುರಿಯುತ್ತಿತ್ತು. ಸುತ್ತ ಹತ್ತು ಹಳ್ಳಿಯ ರೈತರೆಲ್ಲ ಒಟ್ಟಿಗೇ ಪಂಪು ನಿಲ್ಲಿಸಿ ಜಗಲಿಯಲ್ಲಿ ಕೂತು ಸಂತೋಷಪಡುತ್ತಿದ್ದರು. ಅವರು ಬಿಟ್ಟುಕೊಟ್ಟ ಕರೆಂಟೆಲ್ಲ ಮನೆಗಳಿಗೆ ನುಗ್ಗಿತ್ತು. ಪಕ್ಕದ ಮನೆಯಲ್ಲಿ ಯಾರೋ "ಅಯ್ಯಯ್ಯೋ, ಏನ್ ಬೆಳಕು ಕಣಮ್ಮ ಇವತ್ತು!" ಎಂದು ಕೂಗಿ ಹೇಳಿದ್ದು ಗೋಡೆ ದಾಟಿ ಕೇಳಿಸಿತು.

ಮೇಷ್ಟ್ರು ತಲೆಯೆತ್ತಿ ಮತ್ತೆ ದೀಪ ನೋಡಿದರು. ಕೊನೆಗೆ ಕೇಳಿದರು.

"ನಿನಗೆ ಯಾವಾಗ ಗೊತ್ತಾಯ್ತು?"

"ಅಡುಗೆಮನೇಲಿ ದೀಪ ಬೆಳ್ಳಗಾದ ಕೂಡಲೇ."

"ಯಾಕೆ ಹೇಳ್ಲಿಲ್ಲ?"

"ಹ್ಯಾಗ್ರೀ ಹೇಳ್ಲಿ? ನೀವು ಕ್ಯಾಲೆಂಡರು ಓದ್ತಾ ಇದ್ರಿ."

ಆಮೇಲಿನ ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ. ಮೇಷ್ಟ್ರು ಸ್ಕೂಲಿಗೆ ಹೋಗುತ್ತಿದ್ದರು, ಬರುತ್ತಿದ್ದರು, ಮಲಗುತ್ತಿದ್ದರು. ಕಣ್ಣಿಗೆ ಹನಿ ಹಾಕಿಸಿಕೊಳ್ಳಲಿಲ್ಲ. ಪಂಕಜಮ್ಮ ಸೀಸೆ ಹಿಡಿದು ಬಂದರೆ ಮುಖ ತಿರುಗಿಸುತ್ತಿದ್ದರು. ಸಿಟ್ಟು ಹೆಂಡತಿಯ ಮೇಲಲ್ಲ. ಆ ಇಪ್ಪತ್ತು ನಿಮಿಷದ ಮೇಲೆ. ಕಣ್ಣು ಹೋಗುತ್ತದೆ ಎಂಬುದಕ್ಕೆ ಹೇಗೋ ಒಗ್ಗಿಕೊಂಡಿದ್ದವರಿಗೆ ಅದು ಇಪ್ಪತ್ತು ನಿಮಿಷ ವಾಪಸ್ಸು ಬಂದು ಹೋಗಿತ್ತು. ಎರಡನೆಯ ಸಲ ಒಗ್ಗಿಕೊಳ್ಳಲು ಅವರಲ್ಲಿ ತ್ರಾಣವಿರಲಿಲ್ಲ.

ಐದನೆಯ ದಿನ ಕಾಗದ ತಲುಪಿ ರಾಮಾನುಜ ಬಂದ. ಒಡೆದ ಸೆಲ್ಲನ್ನು ನೋಡಿ ತಾನೇ ಒಡೆದವನಂತೆ ಕೂತ. "ತಪ್ಪು ನಂದು ಸಾರ್. ಪ್ಯೂನಿನ ಜೊತೆಗಿದ್ದವನನ್ನ ನಾನೇ ತೆಗೆದೆ."

"ಮೂರು ಸೆಲ್ಲಲ್ಲಿ ಆಗಲ್ವಾ?"

"ಆಗಲ್ಲ ಸಾರ್. ಆದರೆ ಕೈಪೆಟ್ಟಿಗೇಲಿ ಎಂಟಿವೆಯಲ್ಲ, ಅದೇ ಜಾತೀವು. ಅಲ್ಲಿಂದ ಒಂದು ತೆಗೆದು ಇಲ್ಲಿಗೆ ಹಾಕೋಣ. ಏಳರಲ್ಲಿ ಪೆಟ್ಟಿಗೆ ನಡೆಯುತ್ತೆ, ದನಿ ಸಣ್ಣಗಾಗುತ್ತೆ. ವಿಮಾನ ದೂರ ಹೋದ್ರೆ ಕೇಳಿಸ್ಕೊಳ್ಳಲ್ಲ. ತಲೆ ಮೇಲೇ ಸುತ್ತಬೇಕು." ಒಂದು ಗುಟುಕು ಕಾಫಿ ಕುಡಿದು ಸೇರಿಸಿದ: "ಚಾರ್ಜರಿಗೆ ಈ ಸಲ ದೊಡ್ಡ ಕಾವಲೇ ಹಾಕ್ತೀನಿ. ಕರೆಂಟು ಏರಿದ್ರೆ..."

"ಬೇಡ" ಎಂದರು ಮೇಷ್ಟ್ರು. "ಆ ತಂತಿಯ ಮಾತೇ ಬೇಡ. ಇನ್ನೊಂದು ಒಡೆದ್ರೆ ಮುಗೀತು. ಬಿಟ್ಟುಬಿಡೋಣ ಕಣೋ."

ನಾಲ್ಕು ದಿನದಿಂದ ಬಾಯಿ ಬಿಗಿಹಿಡಿದಿದ್ದ ಪಂಕಜಮ್ಮ ಆಗ ಲೋಟವನ್ನು ಕುಕ್ಕಿದರು. "ಏನ್ ಬಿಟ್ಟುಬಿಡೋದು? ಆರು ವರ್ಷ ನನ್ನ ಸೀರೆ ತೂಗುಹಾಕಿಕೊಂಡು ಈಗ ಬಿಟ್ಟುಬಿಡೋದಾ? ಕಂಬದ ಕರೆಂಟು ನಂಬೋ ಹಾಗಿಲ್ಲದಿದ್ರೆ ಕಂಬ ಇಲ್ಲದ್ದು ಹುಡುಕ್ರಿ. ಲಾರಿಗೆ ದೀಪ ಉರಿಯಲ್ವಾ? ಅದಕ್ಯಾವ ಕಂಬ ಇದೆ? ಮಳೆ ಬಂದ್ರೆ ಅದೇನು ಬೆಳ್ಳಗಾಗುತ್ತಾ?"

ರಾಮಾನುಜ ಲೋಟ ಕೆಳಗಿಟ್ಟ. "ಅಮ್ಮಾ..." ಎಂದ. "ಲಾರಿ ಬ್ಯಾಟರಿ, ಹನ್ನೆರಡು ವೋಲ್ಟು. ಏರಲ್ಲ, ಇಳಿಯಲ್ಲ. ಅದರ ಮುಂದೆ ಕಟ್ಟಿಗೊಂದು ಬಲ್ಬು. ಇದಕ್ಕಿಂತ ಸೇಫು ಇನ್ನೊಂದಿಲ್ಲಮ್ಮ."

ಮಾರನೆಯ ಶನಿವಾರ ಮೂವರೂ ಮರಿಸಿದ್ದಯ್ಯನ ಅಂಗಡಿಯ ಮುಂದೆ ನಿಂತರು. ಕತೆಯೆಲ್ಲ ಕೇಳಿ ಮರಿಸಿದ್ದಯ್ಯ ತಲೆಯಾಡಿಸಿದ. "ನಾನ್ ಯೋಳ್ನಿಲ್ವಾ? ನೀರಿಲ್ದೆ ಒಡೆದೋಯ್ತು ಅದು. ಯಾರ್ ಕೇಳ್ತೀರಿ ನಮ್ ಮಾತಾ." ಆಮೇಲೆ ಮೇಷ್ಟ್ರು ತನ್ನನ್ನು ನೋಡದೆ ತನ್ನ ಪಕ್ಕದ ಗೋಡೆಗೆ ನಮಸ್ಕಾರ ಹೇಳುತ್ತಿರುವುದು ಅವನಿಗೆ ಗೊತ್ತಾಯಿತು. ಒಳಗೆ ಹೋಗಿ, ಸಾಲಿನಲ್ಲಿದ್ದ ಎಲ್ಲ ಬ್ಯಾಟರಿಗಳ ಬಾಯಿಗೂ ಬಗ್ಗಿ ನೋಡಿ, ಅದರಲ್ಲಿ ಒಂದನ್ನು ತಬ್ಬಿ ಎತ್ತಿಕೊಂಡು ಬಂದು ಸ್ಟೂಲಿನ ಪಕ್ಕ ಇಟ್ಟ. "ಒಸಾದು. ಯಾರ್ದು ಅಂತ ಕೇಳ್ಬ್ಯಾಡಿ. ಸೋಮವಾರಕ್ಕೆ ಲಾರಿಯೋನು ಬತ್ತಾನೆ."

ಭಾನುವಾರ ಮುಂಜಾನೆ ಆರಕ್ಕೆ ಅಂಗಡಿಯಲ್ಲೇ ಶುರು. ರಾಮಾನುಜ ಎರಡು ಬಲ್ಬು ಹೊಂದಿಸಿ ಮೀಟರು ಇಟ್ಟ. ಐವತ್ತು. ಒಂಬತ್ತಕ್ಕೂ ಐವತ್ತು, ಮಧ್ಯಾಹ್ನಕ್ಕೂ ಐವತ್ತು. ಮೇಷ್ಟ್ರಿಗೆ ಮುಳ್ಳು ಈಗ ಕಾಣುತ್ತಿರಲಿಲ್ಲ. ಕೊಳವೆ ಹುಲ್ಲಿನ ಕಡ್ಡಿಯಷ್ಟಾಗಿತ್ತು. ಅವರು ಸ್ಟೂಲಿನ ಮೇಲೆ ಕೂತು ಬಲಗೈಯಲ್ಲಿ ವಿಮಾನದ ನಾಲ್ಕು, ಎಡಗೈಯಲ್ಲಿ ಪೆಟ್ಟಿಗೆಯ ಏಳು ಸೆಲ್ಲು ಹಿಡಿದುಕೊಂಡರು. ಬಿಸಿಯಾದರೆ ಅಂಗೈಗೆ ಮೊದಲು ಗೊತ್ತಾಗುತ್ತದೆ. ಹದಿನಾಲ್ಕು ಗಂಟೆ ಕಾಲ ಅಂಗೈ ಬೆಚ್ಚಗಿತ್ತು, ಅಷ್ಟೇ. ಪಂಕಜಮ್ಮ ಮೊಸರನ್ನ ಕಲಸಿ ಕೈತುತ್ತು ಕೊಟ್ಟರು.

"ಮೇಸ್ಟ್ರೇ, ಒಂದ್ ಗಳ್ಗೆ ಒರಗಡೆ ಓಗಿ ಬನ್ನಿ. ನಾನ್ ಇಡ್ಕಂಡಿರ್ತೀನಿ" ಎಂದ ಮರಿಸಿದ್ದಯ್ಯ.

"ದಬ್ಬಳ ಎಲ್ಲಿದೆ?"

"ಅಮ್ಮಾವ್ರ ತಾವ್ ಕೊಟ್ಟಿವ್ನಿ ಬುಡಿ."

ಸೋಮವಾರ ಬೆಳಗ್ಗೆ ಹಲಗೂರಿನ ಆಚೆಯ ಗೋಮಾಳಕ್ಕೆ ಮರಿಸಿದ್ದಯ್ಯ ಯಾರದೋ ಟ್ರ್ಯಾಕ್ಟರಿನಲ್ಲಿ ವಿಮಾನದ ಸಮೇತ ಎಲ್ಲರನ್ನೂ ಕರೆದುಕೊಂಡು ಹೋದ. ಗಾಳಿ ಇರಲಿಲ್ಲ, ಬಿಸಿಲಿತ್ತು. ವಿಮಾನವನ್ನು ಹುಲ್ಲಿನ ಮೇಲಿಟ್ಟು, ರೆಕ್ಕೆಗೆ ರಬ್ಬರು ಬಿಗಿದು, ಮೇಷ್ಟ್ರು ಪೆಟ್ಟಿಗೆಯನ್ನು ಕೊರಳಿಗೆ ಹಾಕಿಕೊಂಡರು. ಅಭ್ಯಾಸಕ್ಕೆಂದು ಮೇಲೆ ಸುತ್ತುತ್ತಿದ್ದ ಹದ್ದೊಂದನ್ನು ನೋಟದಲ್ಲಿ ಹಿಡಿಯಲು ಪ್ರಯತ್ನಿಸಿದರು. ಪಂಕಜಮ್ಮ ಬೆರಳು ತೋರಿಸಿದರು. ಸಿಕ್ಕಿತು. ತಪ್ಪಿತು. ಮತ್ತೆ ಹುಡುಕಿದರು. ಬರೀ ಆಕಾಶ. ಆಕಾಶದ ಒಂದು ಚೂರು, ಅದರ ಸುತ್ತ ಕತ್ತಲೆ.

ಆರು ವರ್ಷದಿಂದ ಅವರ ಹೆಬ್ಬೆರಳುಗಳು ಪೆಟ್ಟಿಗೆಯ ಮೇಲಿನ ಎರಡು ಕಡ್ಡಿಗಳನ್ನು ಕನಸಿನಲ್ಲೂ ತಿರುಗಿಸಿದ್ದವು. ಅವರು ಪೆಟ್ಟಿಗೆಯನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು.

"ರಾಮಾನುಜ, ತಗೋ."

"ಸಾರ್, ನಾನಾ? ನನಗೆ..."

"ಬಲಗಡೆ ಕಡ್ಡಿ ಒಂದೇ ಮುಟ್ಟು. ಸುಮ್ಮನೆ ಬಿಟ್ರೆ ನೆಟ್ಟಗೆ ಹೋಗುತ್ತೆ, ಹಾಗೇ ಕಟ್ಟಿದ್ದೀನಿ. ತಲೆ ಮೇಲೇ ಸುತ್ತಿಸು. ಹಾರಿಸೋಕೂ ನೋಡೋಕೂ ಎರಡಕ್ಕೂ ನನ್ನ ಕಣ್ಣು ಸಾಲಲ್ಲ. ನೋಡೋದಾದ್ರೂ ನೋಡ್ತೀನಿ."

ಅವರು ಹುಲ್ಲಿನ ಮೇಲೆ ಅಂಗಾತ ಮಲಗಿದರು. ಪಂಕಜಮ್ಮ ತಲೆಯ ಹತ್ತಿರ ಕೂತು, ಗಂಡನ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಎರಡೂ ಕಿವಿಯ ಮೇಲೆ ಎರಡೂ ಅಂಗೈ ಇಟ್ಟು ಬಿಗಿಯಾಗಿ ಹಿಡಿದರು.

ಇಂಜಿನ್ನು ಕಿರುಚಿತು. ಮರಿಸಿದ್ದಯ್ಯ ವಿಮಾನ ಎತ್ತಿಕೊಂಡು ಓಡಿ ಓಡಿ ಕೈಬಿಟ್ಟ. ಹರಳೆಣ್ಣೆಯ ವಾಸನೆ ಮುಖದ ಮೇಲೆ ಹಾದುಹೋಯಿತು.

"ಎಲ್ಲಿ? ಎಲ್ಲಿದೆ?"

"ಏಳ್ತಾ ಇದೆ ರೀ, ಇರಿ. ತಿರುಗ್ತಾ ಇದೆ." ತಲೆ ನಿಧಾನವಾಗಿ ಎಡಕ್ಕೆ ತಿರುಗಿತು. "ಬರ್ತಾ ಇದೆ, ಬರ್ತಾ ಇದೆ. ಈಗ."

ಹುಲ್ಲುಕಡ್ಡಿಯಷ್ಟು ಆಕಾಶದೊಳಕ್ಕೆ ಗಿಳಿಹಸಿರು ಬಂತು. ಬಿಸಿಲು ರೇಷ್ಮೆಯನ್ನು ತೂರಿಕೊಂಡು ಬರುತ್ತಿತ್ತು, ಒಳಗಿನ ಪಟ್ಟಿಗಳು ಎಲೆಯ ನರಗಳ ಹಾಗೆ ಕಾಣುತ್ತಿದ್ದವು. ಪಂಕಜಮ್ಮನ ಕೈ ವಿಮಾನದ ಜೊತೆಗೇ ತಿರುಗುತ್ತಿತ್ತು. ರಾಮಾನುಜ ವಿಮಾನವನ್ನು ತಿರುಗಿಸುತ್ತಿದ್ದ, ಪಂಕಜಮ್ಮ ಮೇಷ್ಟ್ರನ್ನು ತಿರುಗಿಸುತ್ತಿದ್ದರು. ಒಂದು ಸುತ್ತು ಪೂರ್ತಿ ತಪ್ಪದೆ ಕಂಡಿತು. ಎರಡನೆಯದರಲ್ಲಿ ಅರ್ಧ. ಅಲ್ಲಿ ಬಿಸಿಲು ಕಣ್ಣಿಗೆ ಹೊಡೆದು ನೀರು ತುಂಬಿತು. ನೀರು ಒರೆಸುವ ಹೊತ್ತಿಗೆ ಹಸಿರು ಹೋಗಿತ್ತು.

"ಹುಡುಕು ಪಂಕಜಾ."

"ಹುಡುಕ್ತಾ ಇದ್ದೀನಿ. ಇಲ್ಲಿ. ಇಲ್ಲ, ಇಲ್ಲಿ... ಕಾಣ್ತಾ?"

ಕಾಣಲಿಲ್ಲ. ಇಂಜಿನ್ನಿನ ಸದ್ದು ಮಾತ್ರ ಸುತ್ತುತ್ತ ಇತ್ತು. ಇನ್ನು ನಾಲ್ಕೈದು ಸುತ್ತು ಅವರು ಬರೀ ಸದ್ದನ್ನು ನೋಡಿದರು. ಆಮೇಲೆ ಎಣ್ಣೆ ಮುಗಿದು ಅದೂ ನಿಂತಿತು. ಗಾಳಿ ಸೀಳುವ ಸಣ್ಣ ಶಬ್ದ, ರಾಮಾನುಜನ "ಅಯ್ಯೋ ಅಯ್ಯೋ", ದೂರದಲ್ಲಿ ಬಿದಿರು ಮುರಿದ ಸಪ್ಪಳ.

ಮರಿಸಿದ್ದಯ್ಯ ಓಡಿದ. ಅಲ್ಲಿಂದಲೇ ಕೂಗಿ ಹೇಳಿದ: "ರೆಕ್ಕೆ ಓಯ್ತು ಮೇಸ್ಟ್ರೇ! ಬ್ಯಾಟ್ರಿ ಚೆನ್ನಾಗದೆ!"

ಮೇಷ್ಟ್ರು ಏಳಲಿಲ್ಲ.

"ಕಾಣಿಸ್ತಾ ರೀ?" ಪಂಕಜಮ್ಮ ಕೇಳಿದರು. "ನಿಜ ಹೇಳಿ."

"ಒಂದೂವರೆ ಸುತ್ತು ಕಾಣಿಸ್ತು. ಎಡಗಡೆ ರೆಕ್ಕೇಲಿ ಮೂರನೇ ಪಟ್ಟಿ ಸೊಟ್ಟ ಕೂತಿದೆ. ಸರಿ ಮಾಡಬೇಕಾಗಿತ್ತು."

ಪಂಕಜಮ್ಮನ ಅಂಗೈ ಅವರ ಕಿವಿಗಳ ಮೇಲೆ ಇನ್ನಷ್ಟು ಬಿಗಿಯಾಯಿತು.

"ಇನ್ನು ಬಿಡೇ. ಕಿವಿ ನೋಯ್ತಾ ಇದೆ."

"ಇರಿ ಸ್ವಲ್ಪ" ಎಂದರು ಪಂಕಜಮ್ಮ, ಹಿಡಿತ ಸಡಿಲಿಸದೆ.